ಪ್ರತಿಕಾಯ ಔಷಧದ ಸಕ್ಕರೆ ಸರಪಳಿ: ಬಿಡಿಸುವುದು, ಗುರುತು ಹಚ್ಚುವುದು, ಎಣಿಸುವುದು

ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್‌ನಂಥ ಪ್ರತಿಕಾಯದಲ್ಲಿ ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿ ಕೂರಬೇಕು ಅನ್ನುವುದು ಡಿಎನ್‌ಎಯಲ್ಲೇ ಬರೆದಿರುತ್ತದೆ. ಅದಕ್ಕೆ ಅಂಟುವ ಸಕ್ಕರೆಗೆ ಅಂಥ ಬರಹವಿಲ್ಲ. ಜೀವಕೋಶದಲ್ಲಿ ಪ್ರೋಟೀನನ್ನು ಸಜ್ಜುಗೊಳಿಸಿ ಕಳಿಸುವ ಗಾಲ್ಜಿ ಎಂಬ ಭಾಗದೊಳಗೆ ಕಿಣ್ವಗಳು ಒಂದರ ಹಿಂದೆ ಒಂದು ಬಂದು, ಕೈಗೆ ಸಿಕ್ಕಷ್ಟು ಮಣಿ ಪೋಣಿಸಿ ಕಳಿಸುತ್ತವೆ. ಕೋಶ ಬೆಳೆಸುವ ಪೋಷಕ ದ್ರವದಲ್ಲಿ (ಮೀಡಿಯಾ) ಮ್ಯಾಂಗನೀಸ್ ಏರಿದರೆ ಗ್ಯಾಲಕ್ಟೋಸ್ ಹೆಚ್ಚು ಕೂರುತ್ತದೆ, ಅಮೋನಿಯಾ ಸೇರುತ್ತಾ ಹೋದರೆ ಸರಪಳಿಯ ತುದಿಗಳು ಅರ್ಧಕ್ಕೇ ನಿಲ್ಲುತ್ತವೆ. ಒಂದೇ ಕೋಶ, ಒಂದೇ ಜೀನ್, ಆದರೆ ಟ್ಯಾಂಕಿನಿಂದ ಟ್ಯಾಂಕಿಗೆ ಸಕ್ಕರೆ ಬದಲಾಗಬಹುದು.

ಬದಲಾದರೆ ಏನು ಮಹಾ ಎಂದು ಕೇಳಬೇಡಿ. ಈ ಸರಪಳಿಯ ಬುಡದಲ್ಲಿ ಫ್ಯೂಕೋಸ್ ಎಂಬ ಒಂದು ಸಕ್ಕರೆ ಇದೆ. ಅದೊಂದು ಇಲ್ಲದಿದ್ದರೆ ಪ್ರತಿಕಾಯವು ರೋಗದ ವಿರುದ್ಧ ಹೋರಾಡುವ ನಮ್ಮ ಎನ್‌ಕೆ ಕೋಶಗಳ ಗ್ರಾಹಕಕ್ಕೆ ಎಷ್ಟೋ ಪಟ್ಟು ಗಟ್ಟಿಯಾಗಿ ಅಂಟಿ, ಕ್ಯಾನ್ಸರ್ ಕೋಶವನ್ನು ಕೊಲ್ಲಿಸುತ್ತದೆ. 2012ರಲ್ಲಿ ಜಪಾನಿನಲ್ಲಿ ಒಪ್ಪಿಗೆ ಪಡೆದ ಮೊಗಾಮುಲಿಜುಮಾಬ್, 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಬಿನುಟುಜುಮಾಬ್ ಇವೆರಡನ್ನೂ ಬೇಕೆಂತಲೇ ಫ್ಯೂಕೋಸ್ ಕಡಿಮೆ ಮಾಡಿ ತಯಾರಿಸಲಾಗಿದೆ. ಇನ್ನೊಂದು ಕಡೆ, ಮೂಲ ಟ್ರಾಸ್ಟುಜುಮಾಬ್‌ನ ಕೆಲವು ಲಾಟ್‌ಗಳಲ್ಲಿ ಫ್ಯೂಕೋಸ್ ಇಲ್ಲದ ಪಾಲು ಕುಸಿದು, ಅದರ ಜೊತೆಗೇ ಕೋಶ ಕೊಲ್ಲುವ ಶಕ್ತಿಯೂ ತಗ್ಗಿದ್ದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶೇಕಡಾ ಒಂದೆರಡು ಅಂಕಿಯ ಆಟ ಇದು. ಬಯೋಸಿಮಿಲರ್, ಅಂದರೆ ಮೂಲ ಜೈವಿಕ ಔಷಧವನ್ನು ಹೋಲುವ ಔಷಧ, ತಯಾರಿಸುವವರಿಗಂತೂ ಮೂಲ ಔಷಧದ ಸಕ್ಕರೆಗೆ ಹತ್ತಿರ ಬರುವುದೇ ಅರ್ಧ ಯುದ್ಧ. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಜೊತೆಗೂಡಿ ತಂದ ಟ್ರಾಸ್ಟುಜುಮಾಬ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇಂಥ ಕಡತಗಳಲ್ಲಿ ಸಕ್ಕರೆಯ ಅಧ್ಯಾಯ ಯಾವತ್ತೂ ತೆಳ್ಳಗಿರುವುದಿಲ್ಲ.

ಬಯೋಟೆಕ್ ಓದಿ ಈಗಷ್ಟೇ ಲ್ಯಾಬಿಗೆ ಕಾಲಿಟ್ಟವರನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಲ್ಯಾಬಿನ ಲಿಖಿತ ಕಾರ್ಯವಿಧಾನವಾದ ಎಸ್‌ಒಪಿಯಲ್ಲಿ ಏನು ಮಾಡಬೇಕೆಂದು ಇರುತ್ತದೆ, ಯಾಕೆ ಎಂದು ಇರುವುದಿಲ್ಲ. ಆ "ಯಾಕೆ" ಗೊತ್ತಿಲ್ಲದಿದ್ದರೆ ಈ ಕೆಲಸದಲ್ಲಿ ತಪ್ಪು ಉತ್ತರ ಗ್ರಾಫಿನಲ್ಲಿ ಬಹಳ ಅಂದವಾದ ಪೀಕ್ (ಶಿಖರ) ಆಗಿ ಕೂತಿರುತ್ತದೆ, ಯಾರಿಗೂ ಅನುಮಾನ ಬಾರದ ಹಾಗೆ.

ಮೊದಲು ಸರಪಳಿಯ ಪರಿಚಯ

ಐಜಿಜಿ1 ಬಗೆಯ ಪ್ರತಿಕಾಯದ ಎರಡೂ ಭಾರದ ಸರಪಳಿಗಳಲ್ಲಿ (ಹೆವಿ ಚೈನ್) 297ನೇ ಜಾಗದ ಆಸ್ಪರಜೀನ್ ಎಂಬ ಅಮೈನೊ ಆಮ್ಲದ ಮೇಲೆ ಒಂದೊಂದು ಗ್ಲೈಕಾನ್, ಅಂದರೆ ಸಕ್ಕರೆ ಸರಪಳಿ, ಇರುತ್ತದೆ. ಅದನ್ನು ಗಿಡದ ಹಾಗೆ ಕಲ್ಪಿಸಿಕೊಳ್ಳಿ. ಬುಡದಲ್ಲಿ ಎರಡು ಎನ್-ಅಸಿಟೈಲ್ ಗ್ಲೂಕೋಸಮೈನ್ (ಮುಂದೆ ಇದನ್ನು ಬರೀ ಗ್ಲೂಕೋಸಮೈನ್ ಎನ್ನುತ್ತೇನೆ), ಅದರ ಮೇಲೆ ಒಂದು ಮ್ಯಾನೋಸ್, ಅಲ್ಲಿಂದ ಎರಡು ಕವಲು, ಕವಲಿಗೊಂದು ಮ್ಯಾನೋಸ್, ಅದರ ಮೇಲೆ ಒಂದೊಂದು ಗ್ಲೂಕೋಸಮೈನ್. ಇಲ್ಲಿಗೆ ಏಳು ಮಣಿ ಆಯಿತು, ಇದು ಜಿ0. ಬುಡದ ಮೊದಲ ಮಣಿಗೆ ಫ್ಯೂಕೋಸ್ ಸೇರಿದರೆ ಜಿ0ಎಫ್. ಒಂದು ಕವಲಿನ ತುದಿಗೆ ಗ್ಯಾಲಕ್ಟೋಸ್ ಬಂದರೆ ಜಿ1ಎಫ್, ಎರಡಕ್ಕೂ ಬಂದರೆ ಜಿ2ಎಫ್. ಗ್ಯಾಲಕ್ಟೋಸಿನ ಮೇಲೆ ಕೆಲವೊಮ್ಮೆ ಸಯಾಲಿಕ್ ಆಮ್ಲ ಕೂರುತ್ತದೆ. ಇನ್ನೊಂದು ಮುಖ್ಯವಾದದ್ದು ಮ್ಯಾನ್5. ಎರಡು ಗ್ಲೂಕೋಸಮೈನ್, ಐದು ಮ್ಯಾನೋಸ್, ಫ್ಯೂಕೋಸ್ ಇಲ್ಲ. ಇದು ಹೆಚ್ಚಿದ್ದರೆ ಪ್ರತಿಕಾಯ ರಕ್ತದಿಂದ ಬೇಗ ಮರೆಯಾಗುತ್ತದೆ.

ಈ ಆರೇಳು ಹೆಸರು ಬಾಯಿಪಾಠ ಆಗಲಿ. ಚಿತ್ರವನ್ನು ಕೈಯಲ್ಲೇ ಹತ್ತು ಸಲ ಬರೆದು ನೋಡಿ, ಮುಂದೆ ಎಲ್ಲವೂ ಅದರ ಮೇಲೇ ನಿಂತಿದೆ.

ಎಷ್ಟು ಸಕ್ಕರೆ ಸಿಗುತ್ತದೆ?

ಪಿಪೆಟ್ ಹಿಡಿಯುವ ಮುಂಚೆ ಈ ಲೆಕ್ಕ ಮಾಡಿ. ಪ್ರತಿಕಾಯದ ತೂಕ ಸುಮಾರು 1,50,000 ಡಾಲ್ಟನ್. 100 ಮೈಕ್ರೋಗ್ರಾಂ ತೆಗೆದುಕೊಂಡರೆ 667 ಪಿಕೋಮೋಲ್. ಒಂದು ಅಣುವಿಗೆ ಎರಡು ಗ್ಲೈಕಾನ್, ಹಾಗಾಗಿ 1,333 ಪಿಕೋಮೋಲ್ ಸಕ್ಕರೆ. ಜಿ0ಎಫ್‌ನ ತೂಕ 1,463 ಡಾಲ್ಟನ್ ಎಂದಿಟ್ಟುಕೊಂಡರೆ ನಿಮ್ಮ ಟ್ಯೂಬಿನಲ್ಲಿರುವ ಒಟ್ಟು ಸಕ್ಕರೆ ಎರಡು ಮೈಕ್ರೋಗ್ರಾಂಗೂ ಒಂದು ಕೂದಲೆಳೆ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ. ಒಣಗಿಸಿದ ಮೇಲೆ ಟ್ಯೂಬ್ ಖಾಲಿ ಎಂದೇ ಅನಿಸುತ್ತದೆ, ಹೊಸಬರು ಗಾಬರಿಯಾಗುವುದೂ ಅಲ್ಲೇ. ಗಾಬರಿ ಬೇಡ. ಫ್ಲೋರೆಸೆನ್ಸ್ ಡಿಟೆಕ್ಟರಿಗೆ ಇಷ್ಟು ಧಾರಾಳ ಸಾಕು.

ಒಂದನೇ ಹೆಜ್ಜೆ: ಸ್ಯಾಂಪಲ್ ತೊಳೆಯುವುದು

ಔಷಧದ ಬಾಟಲಿಯಲ್ಲಿ ಪ್ರತಿಕಾಯ ಒಂದೇ ಇರುವುದಿಲ್ಲ. ಟ್ರಾಸ್ಟುಜುಮಾಬ್‌ನಲ್ಲಿ ಟ್ರೆಹಲೋಸ್, ಹಿಸ್ಟಿಡಿನ್, ಪಾಲಿಸಾರ್ಬೇಟ್ 20 ಇರುತ್ತವೆ. ಟ್ರೆಹಲೋಸ್ ಕೂಡ ಸಕ್ಕರೆಯೇ, ಅದೂ ಗ್ಲೈಕಾನ್‌ಗಿಂತ ಎಷ್ಟೋ ಪಟ್ಟು ಹೆಚ್ಚು. 30 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ನೀರು ಅಥವಾ ಫಾಸ್ಫೇಟ್ ಬಫರ್ ಹಾಕಿ ಕನಿಷ್ಠ ಮೂರು ಸಲ ತೊಳೆಯಿರಿ. ಪ್ರತಿಕಾಯ ಮೇಲೆ ಉಳಿಯುತ್ತದೆ, ಮಿಕ್ಕದ್ದು ಕೆಳಗಿಳಿಯುತ್ತದೆ. ಟ್ರಿಸ್, ಗ್ಲೈಸಿನ್, ಹಿಸ್ಟಿಡಿನ್ ಇಂಥ ಅಮೈನ್ ಇರುವ ಬಫರ್‌ಗಳು, ಮುಂದೆ ರ‍್ಯಾಪಿಫ್ಲೋರ್‌ನಂಥ ವೇಗದ ಲೇಬಲ್ (ಹೊಳೆಯುವ ಗುರುತು) ಬಳಸುವುದಾದರೆ, ಆ ಲೇಬಲನ್ನು ತಾವೇ ನುಂಗಿಬಿಡುತ್ತವೆ. ಇಲ್ಲಿ ಉಳಿಸಿದ ಅರ್ಧ ಗಂಟೆಗೆ ಮುಂದೆ ಎರಡು ದಿನ ತೆರಬೇಕಾಗುತ್ತದೆ.

ಎರಡನೇ ಹೆಜ್ಜೆ: ಬಿಡಿಸುವುದು

ಕತ್ತರಿ ಯಾವುದೆಂದರೆ ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವ. ಆಸ್ಪರಜೀನ್‌ಗೂ ಬುಡದ ಗ್ಲೂಕೋಸಮೈನ್‌ಗೂ ನಡುವಿನ ಕೊಂಡಿಯನ್ನೇ ಕತ್ತರಿಸುತ್ತದೆ, ಇಡೀ ಸರಪಳಿ ಮುಕ್ಕಾಗದೆ ಹೊರಬರುತ್ತದೆ. ಕತ್ತರಿಸಿದ ಜಾಗದಲ್ಲಿ ಆಸ್ಪರಜೀನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಆಗುತ್ತದೆ, ತೂಕ 0.98 ಡಾಲ್ಟನ್ ಏರುತ್ತದೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್‌ನಲ್ಲಿ ಇದು ಡೀಅಮಿಡೇಷನ್ (ಆಸ್ಪರಜೀನ್ ತಾನಾಗಿಯೇ ಹೀಗೆ ಬದಲಾಗುವುದು) ಹಾಗೆಯೇ ಕಾಣುವುದರಿಂದ ನೆನಪಿರಲಿ. ಗಿಡದಲ್ಲಿ ತಯಾರಾದ ಪ್ರತಿಕಾಯವಾದರೆ ಫ್ಯೂಕೋಸ್ ಬೇರೆ ಕೊಂಡಿಯಲ್ಲಿ ಇರಬಹುದು. ಆಗ ಈ ಕಿಣ್ವ ಕತ್ತರಿಸುವುದಿಲ್ಲ, ಪಿಎನ್‌ಜಿಯೇಸ್ ಎ ಬೇಕು.

ಸಕ್ಕರೆ ಪ್ರತಿಕಾಯದ ಹೊಟ್ಟೆಯೊಳಗೆ, ಎರಡು ಭಾರದ ಸರಪಳಿಗಳ ನಡುವೆ ಅವಿತಿರುತ್ತದೆ. ಅದಕ್ಕೇ ಮೊದಲು ಪ್ರೋಟೀನನ್ನು ಬಿಚ್ಚಬೇಕು. ಪ್ರೋಟೀನ್ ಬಿಚ್ಚುವ ಮಾರ್ಜಕ ಎಸ್‌ಡಿಎಸ್ ಶೇ 0.5, ಗಂಧಕದ ಕೊಂಡಿ ಒಡೆಯುವ ಡಿಟಿಟಿ 40 ಮಿಲಿಮೋಲಾರ್ ಹಾಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕಾಯಿಸಿ, ತಣ್ಣಗಾಗಲು ಬಿಡಿ. ಆಮೇಲೆ ಎನ್‌ಪಿ-40 ಎಂಬ ಮೃದು ಮಾರ್ಜಕವನ್ನು ಶೇ 1ರಷ್ಟು ಸೇರಿಸಿ. ಇದನ್ನು ಮರೆತರೆ ಎಸ್‌ಡಿಎಸ್ ಕಿಣ್ವವನ್ನೇ ಕೊಲ್ಲುತ್ತದೆ. ಎನ್‌ಪಿ-40 ಅದನ್ನು ಸುತ್ತುವರಿದು ಸುಮ್ಮನಾಗಿಸುತ್ತದೆ. ಪಿಎಚ್ 7.5ರ ಆಸುಪಾಸಿನಲ್ಲಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ.

ಬೆಳಿಗ್ಗೆ ಬಂದ ಕೂಡಲೇ ಮುಂದಕ್ಕೆ ಓಡಬೇಡಿ. ಒಂದೆರಡು ಮೈಕ್ರೋಲೀಟರ್ ತೆಗೆದು, ತೂಕದ ಪ್ರಕಾರ ಪ್ರೋಟೀನ್ ಬೇರ್ಪಡಿಸುವ ಜೆಲ್ ಓಡಿಸಿ, ಪಕ್ಕದಲ್ಲೇ ಕಿಣ್ವ ಹಾಕದ ಸ್ಯಾಂಪಲ್ ಇರಲಿ. ಸಕ್ಕರೆ ಕಳಚಿದ ಭಾರದ ಸರಪಳಿ ಸ್ವಲ್ಪ ಕೆಳಗೆ ಬಂದಿರಬೇಕು, ಮೇಲೆ ನೆರಳಿನ ಹಾಗೆ ಎರಡನೇ ಗೆರೆ ಉಳಿದಿರಬಾರದು. ಅರ್ಧಂಬರ್ಧ ಬಿಡಿಸಿದ ಸ್ಯಾಂಪಲ್ಲಿನ ತೊಂದರೆ ಏನೆಂದರೆ, ಎಲ್ಲ ಗ್ಲೈಕಾನ್‌ಗಳೂ ಒಂದೇ ವೇಗದಲ್ಲಿ ಬಿಡುವುದಿಲ್ಲ. ಮೊದಲು ಬಿಟ್ಟಿದ್ದಷ್ಟನ್ನೇ ಎಣಿಸಿದರೆ ಶೇಕಡಾ ಲೆಕ್ಕವೇ ವಾಲುತ್ತದೆ.

ನಂತರ 10 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಹಾಯಿಸಿ. ಈ ಸಲ ನಿಮಗೆ ಬೇಕಾದದ್ದು ಕೆಳಗಿಳಿದದ್ದು. ಮೇಲಿನದನ್ನೂ ಚೆಲ್ಲಬೇಡಿ, ಹೆಸರು ಬರೆದು ಫ್ರೀಜರಿಗೆ ಹಾಕಿ.

ಮೂರನೇ ಹೆಜ್ಜೆ: ಗುರುತು ಹಚ್ಚುವುದು

ಸಕ್ಕರೆ ತಾನಾಗಿ ಹೊಳೆಯುವುದಿಲ್ಲ, ಅದಕ್ಕೊಂದು ಹೊಳೆಯುವ ಬಾಲ ಕಟ್ಟಬೇಕು. ಹಳೆಯ, ನಂಬಿಕೆಯ ಬಾಲ 2-ಅಮೈನೊಬೆಂಜಮೈಡ್, ಲ್ಯಾಬಿನ ಮಾತಿನಲ್ಲಿ 2-ಎಬಿ. ಇದರ ದೊಡ್ಡ ಗುಣ ಏನೆಂದರೆ ಒಂದು ಸರಪಳಿಗೆ ಒಂದೇ ಬಾಲ. ಸರಪಳಿ ಉದ್ದವಿರಲಿ, ಗಿಡ್ಡವಿರಲಿ, ಹೊಳಪು ಒಂದೇ. ಹಾಗಾಗಿ ಪೀಕಿನ ವಿಸ್ತೀರ್ಣವನ್ನೇ ಅಣುಗಳ ಪಾಲು ಎಂದು ಓದಬಹುದು. ಮಾಸ್ ಸ್ಪೆಕ್‌ನ ಎತ್ತರವನ್ನು ಹೀಗೆ ನಂಬಲಾಗದು, ಒಂದೊಂದು ಗ್ಲೈಕಾನ್ ಒಂದೊಂದು ರೀತಿ ಅಯಾನ್ ಆಗುತ್ತದೆ. ನನ್ನ ಪದ್ಧತಿ ಯಾವತ್ತೂ ಒಂದೇ: ಎಣಿಸಲು ಫ್ಲೋರೆಸೆನ್ಸ್, ಗುರುತಿಸಲು ಮಾಸ್ ಸ್ಪೆಕ್.

ಕಿಣ್ವದಿಂದ ಹೊಸದಾಗಿ ಬಿಟ್ಟ ಸಕ್ಕರೆಯ ತುದಿಯಲ್ಲಿ ಇನ್ನೂ ಒಂದು ಅಮೈನ್ ಇರುತ್ತದೆ. 2-ಎಬಿ ಹಿಡಿಯಬೇಕಾದರೆ ಅದು ಉದುರಬೇಕು. ಶೇ 1 ಫಾರ್ಮಿಕ್ ಆಮ್ಲದಲ್ಲಿ ಕೋಣೆಯ ಉಷ್ಣತೆಯಲ್ಲಿ ಸುಮಾರು 40 ನಿಮಿಷ ಇಟ್ಟು, ನಿರ್ವಾತದಲ್ಲಿ ಒಣಗಿಸಿ. ಬೇಗ ಒಣಗಲಿ ಎಂದು ಬಿಸಿ ಏರಿಸಬೇಡಿ. ಆಮ್ಲ ಮತ್ತು ಬಿಸಿ ಸೇರಿದರೆ ಸಯಾಲಿಕ್ ಆಮ್ಲ ಮೊದಲು ಉದುರುತ್ತದೆ, ಸಯಾಲಿಕ್ ಇದ್ದ ಜಿ2ಎಫ್ ಬರೀ ಜಿ2ಎಫ್ ಆಗಿ ಕಾಣುತ್ತದೆ.

ಲೇಬಲ್ ದ್ರಾವಣ ಆಯಾ ದಿನವೇ ಮಾಡಿಕೊಳ್ಳಿ. ಡಿಎಂಎಸ್‌ಒ ಏಳು ಪಾಲು, ಅಸಿಟಿಕ್ ಆಮ್ಲ ಮೂರು ಪಾಲು. ಅದರ ಒಂದು ಮಿಲಿಲೀಟರಿಗೆ 2-ಎಬಿ ಸುಮಾರು 48 ಮಿಲಿಗ್ರಾಂ, ಸೋಡಿಯಂ ಸಯನೊಬೊರೊಹೈಡ್ರೈಡ್ 63 ಮಿಲಿಗ್ರಾಂ. ಒಣಗಿದ ಸಕ್ಕರೆಗೆ 10 ಮೈಕ್ರೋಲೀಟರ್ ಹಾಕಿ 65 ಡಿಗ್ರಿಯಲ್ಲಿ 3 ಗಂಟೆ. ಸಯನೊಬೊರೊಹೈಡ್ರೈಡ್ ಆಮ್ಲಕ್ಕೆ ತಾಗಿದರೆ ಹೈಡ್ರೋಜನ್ ಸಯನೈಡ್ ಹೊರಬರಬಹುದು. ತೂಕ ಮಾಡುವುದರಿಂದ ಹಿಡಿದು ಟ್ಯೂಬ್ ಮುಚ್ಚುವವರೆಗೆ ಎಲ್ಲವೂ ಫ್ಯೂಮ್ ಹುಡ್ ಒಳಗೆ, ಕೈಗವಸು ಹಾಕಿಕೊಂಡು, ಒಬ್ಬರೇ ಇರುವಾಗ ಬೇಡವೇ ಬೇಡ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಇದರ ಬದಲು 2-ಪಿಕೋಲಿನ್ ಬೊರೇನ್ ಬಳಸುವ ಲ್ಯಾಬುಗಳಿವೆ, ಅವಕಾಶ ಇದ್ದರೆ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಆಮೇಲೆ ಹೆಚ್ಚುವರಿ ಬಣ್ಣ ತೆಗೆಯಬೇಕು. ಸಕ್ಕರೆಗೆ ನೀರು ಇಷ್ಟ, ಅಸಿಟೋನೈಟ್ರೈಲ್ ಆಗದು. ಅಸಿಟೋನೈಟ್ರೈಲ್ ಶೇ 85ರಿಂದ 95ರಷ್ಟಿರುವಾಗ, ನೀರು ಇಷ್ಟಪಡುವ ಅಣುಗಳನ್ನು ಹಿಡಿದಿಡುವ ಹಿಲಿಕ್ ಕಾರ್ಟ್‌ರಿಜ್‌ಗೆ ಹಾಕಿದರೆ ಸಕ್ಕರೆ ಅಂಟಿಕೊಳ್ಳುತ್ತದೆ, ಬಿಡಿ 2-ಎಬಿ ಹರಿದುಹೋಗುತ್ತದೆ. ಕೊನೆಗೆ ಬರೀ ನೀರು ಹಾಕಿ ಸಕ್ಕರೆಯನ್ನು ಇಳಿಸಿಕೊಳ್ಳಿ. ಬೆಳಕು ತಾಗದ ಟ್ಯೂಬಿನಲ್ಲಿ ಇಡಿ.

ನಾಲ್ಕನೇ ಹೆಜ್ಜೆ: ಕಾಲಂ

ಗ್ಲೈಕಾನ್‌ಗಳನ್ನು ಒಂದೊಂದಾಗಿ ಬೇರ್ಪಡಿಸುವುದು ಕಾಲಂ, ಇದೂ ಹಿಲಿಕ್ ಬಗೆಯದೇ. ಅಮೈಡ್ ಕಾಲಂ, 2.1 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ, 1.7 ಮೈಕ್ರಾನ್ ಕಣ. ಉಷ್ಣತೆ 60 ಡಿಗ್ರಿ. ಒಂದು ಬಾಟಲಿಯಲ್ಲಿ 50 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್, ಪಿಎಚ್ 4.4, ಇನ್ನೊಂದರಲ್ಲಿ ಅಸಿಟೋನೈಟ್ರೈಲ್. ಬಫರನ್ನು ಶೇ 30ರಿಂದ 47ರವರೆಗೆ ಸುಮಾರು 35 ನಿಮಿಷದಲ್ಲಿ ನಿಧಾನವಾಗಿ ಏರಿಸಿ. ಡಿಟೆಕ್ಟರ್ 330 ನ್ಯಾನೊಮೀಟರಿನಲ್ಲಿ ಬೆಳಕು ಹಾಯಿಸಿ 420ರಲ್ಲಿ ಓದಲಿ.

ಇಲ್ಲಿ ಹೊಸಬರು ಮಾಡುವ ತಪ್ಪು ಬಹುಮಟ್ಟಿಗೆ ಒಂದೇ. ಸಕ್ಕರೆ ನೀರಿನಲ್ಲಿದೆ, ಹಾಗೆಯೇ ಇಂಜೆಕ್ಟ್ ಮಾಡುತ್ತಾರೆ. ಹಿಲಿಕ್ ಕಾಲಂಗೆ ನೀರೇ ಅತಿ ಬಲವಾದ ದ್ರಾವಕ; ಸ್ಯಾಂಪಲ್ ಕಾಲಂ ತಲೆಯಲ್ಲಿ ನಿಲ್ಲದೆ ಹರಡಿ, ಪೀಕುಗಳು ಒಡೆದು ಭುಜ ಮೂಡುತ್ತವೆ. ಇಂಜೆಕ್ಟ್ ಮಾಡುವ ದ್ರವದಲ್ಲಿ ಅಸಿಟೋನೈಟ್ರೈಲ್ ಕನಿಷ್ಠ ಶೇ 70 ಇರುವಂತೆ ನೋಡಿಕೊಳ್ಳಿ.

ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹೀಗೆ ಕಾಣುತ್ತದೆ. ಮೊದಲು ಪುಟ್ಟದೊಂದು ಜಿ0. ಅದರ ಬೆನ್ನಿಗೇ ಎತ್ತರದ ಜಿ0ಎಫ್. ಸ್ವಲ್ಪ ಬಿಟ್ಟು ಮ್ಯಾನ್5, ಅದರ ಅಕ್ಕಪಕ್ಕ ಫ್ಯೂಕೋಸ್ ಇಲ್ಲದ ಜಿ1. ಆಮೇಲೆ ಜೋಡಿ ಪೀಕು, ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು. ಎರಡೂ ಜಿ1ಎಫ್, ಗ್ಯಾಲಕ್ಟೋಸ್ ಯಾವ ಕವಲಿನಲ್ಲಿ ಕೂತಿದೆ ಎನ್ನುವುದಷ್ಟೇ ವ್ಯತ್ಯಾಸ. ತೂಕ ಕಿಂಚಿತ್ತೂ ಬೇರೆಯಿಲ್ಲದ ಎರಡು ಅಣುಗಳನ್ನು ಕಾಲಂ ಹೀಗೆ ಬಿಡಿಸಿ ಇಡುವುದನ್ನು ನೋಡಿದಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಅದಾದ ಮೇಲೆ ಜಿ2ಎಫ್, ಕೊನೆಗೆ ಸಯಾಲಿಕ್ ಹೊತ್ತವು.

ಐದನೇ ಹೆಜ್ಜೆ: ಹೆಸರಿಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ಪೀಕ್ ಬಂದ ಸಮಯ ನೋಡಿ ಹೆಸರು ಬರೆಯುವುದು ಸುಲಭ, ಅಪಾಯವೂ ಅಷ್ಟೇ. ಸಮಯ ದಿನದಿಂದ ದಿನಕ್ಕೆ, ಕಾಲಂನಿಂದ ಕಾಲಂಗೆ ಸರಿಯುತ್ತದೆ. ಅದಕ್ಕೆ ಮೊದಲ ಔಷಧ ಡೆಕ್ಸ್‌ಟ್ರಾನ್ ಏಣಿ. ಒಂದು, ಎರಡು, ಮೂರು ಎಂದು ಗ್ಲೂಕೋಸ್ ಸೇರುತ್ತಾ ಹೋದ ಸರಪಳಿಗಳ ಮಿಶ್ರಣಕ್ಕೂ 2-ಎಬಿ ಹಚ್ಚಿ ಅದೇ ದಿನ ಓಡಿಸಿ. ಅದರ ಮೆಟ್ಟಿಲುಗಳ ಮೇಲೆ ನಿಮ್ಮ ಪೀಕ್ ಎಲ್ಲಿ ನಿಂತಿದೆ ಎಂದು ಅಳೆದರೆ ಗ್ಲೂಕೋಸ್ ಯೂನಿಟ್ ಸಿಗುತ್ತದೆ. ಜಿ0ಎಫ್ 5.9ರ ಹತ್ತಿರ, ಮ್ಯಾನ್5 6.2ರ ಹತ್ತಿರ, ಜಿ1ಎಫ್ ಜೋಡಿ 6.6ರ ಆಸುಪಾಸು, ಜಿ2ಎಫ್ 7.5ರ ಸುಮಾರು. ಬುಡದ ಫ್ಯೂಕೋಸ್ ಸೇರಿದರೆ ಅರ್ಧ ಯೂನಿಟ್‌ನಷ್ಟು, ಗ್ಯಾಲಕ್ಟೋಸ್ ಸೇರಿದರೆ 0.8ರಷ್ಟು ಏರುತ್ತದೆ.

ಎರಡನೆಯ ಸಾಕ್ಷಿ ತೂಕ. ಇದನ್ನು ಒಮ್ಮೆಯಾದರೂ ಕೈಯಲ್ಲೇ ಲೆಕ್ಕ ಹಾಕಿ. ಜಿ0ಎಫ್‌ನಲ್ಲಿ ನಾಲ್ಕು ಗ್ಲೂಕೋಸಮೈನ್, ಒಂದೊಂದು 203.08, ಮೂರು ಮ್ಯಾನೋಸ್, ಒಂದೊಂದು 162.05, ಒಂದು ಫ್ಯೂಕೋಸ್ 146.06, ಒಂದು ನೀರಿನ ಅಣು 18.01. ಒಟ್ಟು 1462.54. 2-ಎಬಿ ಬಾಲ ಸೇರಿದಾಗ 120.07 ಏರಿ 1582.61. ಎರಡು ಪ್ರೋಟಾನ್ ಹೊತ್ತು ಹಾರಿದರೆ ಮಾಸ್ ಸ್ಪೆಕ್ 792.31 ತೋರಿಸಬೇಕು. ಜಿ1ಎಫ್ 873.34, ಜಿ2ಎಫ್ 954.37, ಮ್ಯಾನ್5 678.26. ಈ ನಾಲ್ಕು ಅಂಕಿ ಮೇಜಿನ ಮುಂದೆ ಅಂಟಿಸಿಕೊಳ್ಳಿ.

ತೂಕವೂ ಮೋಸ ಮಾಡುತ್ತದೆ. ಇಲಿಯ ಕೋಶಗಳಲ್ಲಿ ತಯಾರಾದ ಪ್ರತಿಕಾಯದಲ್ಲಿ ಸಯಾಲಿಕ್ ಆಮ್ಲ ಎರಡು ಬಗೆಯದು ಇರಬಹುದು, ಮನುಷ್ಯರಲ್ಲೂ ಇರುವ ಎನ್-ಅಸಿಟೈಲ್ ಮತ್ತು ನಮ್ಮ ದೇಹ ತಯಾರಿಸಲಾಗದ ಎನ್-ಗ್ಲೈಕಾಲಿಲ್. ಗ್ಲೈಕಾಲಿಲ್ ಜೊತೆ ಒಂದು ಫ್ಯೂಕೋಸ್ ಸೇರಿದರೆ 307.09 ಮತ್ತು 146.06. ಅಸಿಟೈಲ್ ಜೊತೆ ಒಂದು ಹೆಕ್ಸೋಸ್ (ಗ್ಯಾಲಕ್ಟೋಸ್ ಅಥವಾ ಮ್ಯಾನೋಸ್) ಸೇರಿದರೆ 291.10 ಮತ್ತು 162.05. ಕೂಡಿ ನೋಡಿ, ಎರಡೂ 453.15. ಎಷ್ಟೇ ದುಬಾರಿ ಮಾಸ್ ಸ್ಪೆಕ್ ಇದ್ದರೂ ಇಡೀ ತೂಕ ಒಂದರಿಂದಲೇ ಇವನ್ನು ಬೇರೆ ಮಾಡಲಾಗದು.

ಮೂರನೆಯ ಸಾಕ್ಷಿಯೇ ನನಗೆ ಎಲ್ಲಕ್ಕಿಂತ ಇಷ್ಟ: ತುದಿಯಿಂದ ಒಂದೊಂದೇ ಮಣಿ ಕಳಚುವ ಕಿಣ್ವಗಳು. ಒಂದೊಂದು ಕಿಣ್ವ ಒಂದೇ ಪ್ರಶ್ನೆ ಕೇಳುತ್ತದೆ. ಸಯಾಲಿಡೇಸ್ ಸಯಾಲಿಕ್ ಇದೆಯೇ ಎಂದು ಕೇಳುತ್ತದೆ. ಹಸುವಿನ ಮೂತ್ರಪಿಂಡದಿಂದ ಬಂದ ಫ್ಯೂಕೋಸಿಡೇಸ್ ಬುಡದ ಫ್ಯೂಕೋಸನ್ನು, ಬೀಟಾ ಗ್ಯಾಲಕ್ಟೊಸಿಡೇಸ್ ಸಾಮಾನ್ಯ ಗ್ಯಾಲಕ್ಟೋಸನ್ನು, ಜ್ಯಾಕ್ ಬೀನ್ ಮ್ಯಾನೊಸಿಡೇಸ್ ಮ್ಯಾನೋಸನ್ನು ಕಳಚುತ್ತವೆ. ಹಸಿರು ಕಾಫಿ ಬೀಜದಿಂದ ತೆಗೆದ ಆಲ್ಫಾ ಗ್ಯಾಲಕ್ಟೊಸಿಡೇಸ್ ಕೂಡ ಒಂದಿದೆ, ಅದರ ಮಾತು ಆಮೇಲೆ. ಲೇಬಲ್ ಹಚ್ಚಿದ ಸಕ್ಕರೆಗೆ ಕಿಣ್ವ ಹಾಕಿ, ಪಿಎಚ್ 5.5ರ ಅಸಿಟೇಟ್ ಬಫರಿನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಮತ್ತೆ ಓಡಿಸಿ. ಯಾವ ಪೀಕ್ ಸರಿಯಿತು, ಎಷ್ಟು ಸರಿಯಿತು, ಯಾವುದು ಜಾಗ ಬಿಡಲಿಲ್ಲ ನೋಡಿ.

ಇದು ಯಾಕೆ ಬೇಕು ಎಂದು ನಾನು ಕಲಿತದ್ದು ಒಂದು ಕೆಟ್ಟ ವಾರದಲ್ಲಿ. ಆಗ ನಾನಿದ್ದ ಲ್ಯಾಬಿನಲ್ಲಿ ಒಂದು ಬ್ಯಾಚಿನ ಮ್ಯಾನ್5 ಇದ್ದಕ್ಕಿದ್ದಂತೆ ಏರಿತು. ಪೀಕ್ ಅಂದವಾಗಿತ್ತು, ಜಾಗವೂ ಸರಿ. ವರದಿ ಹೋಯಿತು. ಕೋಶ ಬೆಳೆಸುವವರ ಮೇಲೆ ಪ್ರಶ್ನೆಗಳ ಮಳೆ ಸುರಿಯಿತು. ಫೀಡ್ ಬದಲಾಯಿತೇ, ಉಷ್ಣತೆ ಏರಿತೇ ಎಂದು ಅವರು ನಾಲ್ಕು ದಿನ ಲಾಗ್ ಪುಸ್ತಕ ತಿರುವಿದರು. ಎಲ್ಲವೂ ಮೊದಲಿನಂತೆಯೇ ಇತ್ತು. ಐದನೇ ದಿನ ನಾವು ಆ ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ, ಒಂದಕ್ಕೆ ಮ್ಯಾನೊಸಿಡೇಸ್, ಇನ್ನೊಂದಕ್ಕೆ ಬೀಟಾ ಗ್ಯಾಲಕ್ಟೊಸಿಡೇಸ್ ಹಾಕಿದೆವು. ನಿಜವಾದ ಮ್ಯಾನ್5 ಆಗಿದ್ದರೆ ಮೊದಲನೆಯದರಲ್ಲಿ ಪೂರ್ತಿ ಮಾಯವಾಗಬೇಕಿತ್ತು, ಎರಡನೆಯದರಲ್ಲಿ ಅಲುಗಾಡಬಾರದಿತ್ತು. ಆದದ್ದೇ ಬೇರೆ. ಮ್ಯಾನೊಸಿಡೇಸ್ ಹಾಕಿದ ಕಡೆ ಪೀಕಿನ ಒಂದು ಭಾಗ ಕೂತಲ್ಲೇ ಕೂತಿತ್ತು. ಗ್ಯಾಲಕ್ಟೊಸಿಡೇಸ್ ಹಾಕಿದ ಕಡೆ ಅಷ್ಟೇ ಭಾಗ ಎಡಕ್ಕೆ ಸರಿದು ಜಿ0 ಜಾಗಕ್ಕೆ ಹೋಗಿ ನಿಂತಿತ್ತು. ಅಂದರೆ ಅದು ಫ್ಯೂಕೋಸ್ ಇಲ್ಲದ ಜಿ1. ಕಾಲಂ ಹಳೆಯದಾಗಿ, ಎರಡು ಪೀಕುಗಳ ನಡುವಿನ ಕಣಿವೆ ತುಂಬಿ ಒಂದೇ ಗುಡ್ಡವಾಗಿತ್ತು. ಬ್ಯಾಚ್‌ನಲ್ಲಿ ಏನೂ ತಪ್ಪಿರಲಿಲ್ಲ. ಅಂದಿನಿಂದ ನಾನು ಪ್ರತಿ ಸರಣಿಯ ಮೊದಲಿಗೆ ಈ ಎರಡು ಪೀಕುಗಳ ನಡುವಿನ ಕಣಿವೆಯ ಆಳ ಅಳೆದು ಬರೆದಿಡುತ್ತೇನೆ. ಅದು ತುಂಬತೊಡಗಿದರೆ ಕಾಲಂ ಬದಲು, ಚರ್ಚೆ ಇಲ್ಲ.

ಸೆಟುಕ್ಸಿಮಾಬ್ ಕಲಿಸಿದ್ದು

ಕಾಫಿ ಬೀಜದ ಕಿಣ್ವದ ವಿಷಯಕ್ಕೆ ಬರೋಣ. ಸೆಟುಕ್ಸಿಮಾಬ್ ಎಂಬ ಕ್ಯಾನ್ಸರ್ ಔಷಧವನ್ನು ಇಲಿಯ ಎಸ್‌ಪಿ2/0 ಕೋಶಗಳಲ್ಲಿ ತಯಾರಿಸುತ್ತಾರೆ. ಅದಕ್ಕೆ 297ರ ಗ್ಲೈಕಾನ್ ಅಲ್ಲದೆ ಮೇಲಿನ ತೋಳಿನಲ್ಲಿ, ಭಾರದ ಸರಪಳಿಯ 88ನೇ ಆಸ್ಪರಜೀನ್ ಮೇಲೂ ಒಂದು ಗ್ಲೈಕಾನ್ ಇದೆ. ಅಮೆರಿಕದ ಟೆನೆಸ್ಸಿ, ನಾರ್ತ್ ಕ್ಯಾರೊಲಿನಾದ ಕೆಲವು ರೋಗಿಗಳಿಗೆ ಮೊದಲ ಡೋಸಿಗೇ ತೀವ್ರ ಅಲರ್ಜಿ ಆಯಿತು. 2008ರಲ್ಲಿ ಕಾರಣ ಹೊರಬಂತು. ಆ 88ನೇ ಜಾಗದ ಸರಪಳಿಯ ತುದಿಯಲ್ಲಿ ಗ್ಯಾಲಕ್ಟೋಸಿನ ಮೇಲೆ ಇನ್ನೊಂದು ಗ್ಯಾಲಕ್ಟೋಸ್, ಆಲ್ಫಾ ಕೊಂಡಿಯಲ್ಲಿ. ಮನುಷ್ಯರ ದೇಹ ಇದನ್ನು ತಯಾರಿಸುವುದಿಲ್ಲ. ಆ ರೋಗಿಗಳ ರಕ್ತದಲ್ಲಿ ಚಿಕಿತ್ಸೆಗೆ ಮುಂಚೆಯೇ ಅದರ ವಿರುದ್ಧ ಅಲರ್ಜಿ ತರುವ ಐಜಿಇ ಪ್ರತಿಕಾಯ ಇತ್ತು. ಅಲ್ಲಿನ ಉಣ್ಣೆ ಹುಳುಗಳ (ಟಿಕ್) ಕಡಿತಕ್ಕೂ ಇದಕ್ಕೂ ಇರುವ ನಂಟು ಆಮೇಲೆ ತಿಳಿಯಿತು.

ನಮ್ಮ ಕೆಲಸಕ್ಕೆ ಇದರಿಂದ ಎರಡು ಪಾಠ. ಪ್ರತಿಕಾಯದ ಸರಣಿಯಲ್ಲಿ ಆಸ್ಪರಜೀನ್, ಆಮೇಲೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು, ಆಮೇಲೆ ಸೆರಿನ್ ಅಥವಾ ಥ್ರಿಯೊನಿನ್, ಹೀಗೆ ಬರುವ ಜಾಗಗಳನ್ನೆಲ್ಲ ಮೊದಲೇ ಹುಡುಕಿ ಗುರುತು ಹಾಕಿ. 297 ಅಲ್ಲದೆ ಇನ್ನೊಂದು ಸಿಕ್ಕರೆ, ಬಿಡಿಸಿದ ಗ್ಲೈಕಾನ್ ಒಂದನ್ನೇ ನೋಡಿದರೆ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ. ಎರಡನೆಯದು, ಇಲಿಯ ಕೋಶವಾದರೆ ಕಾಫಿ ಬೀಜದ ಕಿಣ್ವ ಬಿಡಲೇಬೇಡಿ. ಅದು ಆಲ್ಫಾ ಗ್ಯಾಲಕ್ಟೋಸನ್ನು ಮಾತ್ರ ಕಳಚುತ್ತದೆ. ಪೀಕ್ ಸರಿದರೆ ಗೊತ್ತಾಗಿಹೋಯಿತು.

ಸರಪಳಿಯನ್ನು ಬಿಡಿಸದೆ ನೋಡುವುದು

ಜಾಗಸಮೇತ ತಿಳಿಯಬೇಕಾದರೆ ಟ್ರಿಪ್ಸಿನ್ ಹಾಕಿ ಪ್ರೋಟೀನನ್ನೇ ತುಂಡು ಮಾಡಿ. ಐಜಿಜಿ1ರಲ್ಲಿ 297 ಇರುವ ತುಂಡು ಒಂಬತ್ತು ಅಮೈನೊ ಆಮ್ಲದ್ದು, ತೂಕ 1188.50. ಅದರ ಮೇಲೆ ಜಿ0ಎಫ್ ಇದ್ದು ಮೂರು ಪ್ರೋಟಾನ್ ಹೊತ್ತರೆ 878.69ರಲ್ಲಿ ಕಾಣುತ್ತದೆ. ಒಡೆದಾಗ 204.09, 366.14 ಎಂಬ ಸಕ್ಕರೆಯ ಚೂರುಗಳು ಬಂದರೆ ಅದು ಗ್ಲೈಕೊಪೆಪ್ಟೈಡ್ ಎಂಬುದಕ್ಕೆ ಸಾಕ್ಷಿ. ಒಂದು ಎಚ್ಚರಿಕೆ: ಈ ತುಂಡಿಗೆ ನೀರಿನ ಮೋಹ ಹೆಚ್ಚು, ನೀರು ಒಲ್ಲದ ಅಣುಗಳನ್ನು ಹಿಡಿಯುವ ಸಿ18 ಕಾಲಂನಲ್ಲಿ ತೀರಾ ಮೊದಲೇ ಇಳಿಯುತ್ತದೆ. ಉಪ್ಪು ತೊಳೆಯುವ ಹಂತದಲ್ಲೇ ಅದನ್ನು ಕಳೆದುಕೊಂಡು, ಸಕ್ಕರೆಯೇ ಇಲ್ಲ ಎಂದುಕೊಂಡವರನ್ನು ಕಂಡಿದ್ದೇನೆ.

ಅವಸರವಿದ್ದರೆ ಐಡಿಇಎಸ್ ಕಿಣ್ವ ಹಾಕಿ. ಅರ್ಧ ಗಂಟೆಯಲ್ಲಿ, ಪ್ರತಿಕಾಯದ ತೋಳುಗಳು ಕೂಡುವ ಹಿಂಜ್ ಕೆಳಗೆ ಕತ್ತರಿಸುತ್ತದೆ, ಡಿಟಿಟಿ ಹಾಕಿದರೆ ಸುಮಾರು 25,000 ಡಾಲ್ಟನ್‌ನ ಮೂರು ತುಂಡು. ಸಕ್ಕರೆ ಇರುವ ತುಂಡಿನ ತೂಕದಲ್ಲೇ ಜಿ0ಎಫ್, ಜಿ1ಎಫ್ ಓದಬಹುದು. ಆದರೆ 162 ಏರಿದ್ದೆಲ್ಲ ಗ್ಯಾಲಕ್ಟೋಸ್ ಎಂದು ಬರೆಯಬೇಡಿ. ಮೀಡಿಯಾದ ಗ್ಲೂಕೋಸ್ ಲೈಸಿನ್‌ಗೆ ಅಂಟಿದರೂ ಅಷ್ಟೇ ಏರುತ್ತದೆ. ಪಿಎನ್‌ಜಿಯೇಸ್ ಎಫ್ ಹಾಕಿದ ಮೇಲೂ ಆ 162 ಉಳಿದರೆ ಅದು ಗ್ಲೈಕೇಷನ್, ಸರಪಳಿಯದಲ್ಲ. ಹಿಂದೆ ಫ್ರೀಜರಿಗೆ ಹಾಕಿಸಿದ, ಸಕ್ಕರೆ ಕಳಚಿದ ಪ್ರೋಟೀನನ್ನು ಇಲ್ಲಿ ಮರೆತುಬಿಡಿ, ಅದರಲ್ಲಿ ಎಸ್‌ಡಿಎಸ್ ಇದೆ. ಮಾಸ್ ಸ್ಪೆಕ್‌ಗೆ ಎಸ್‌ಡಿಎಸ್ ಇಲ್ಲದೆ ಬೇರೆಯಾಗಿ ತಯಾರಿಸಿ. ಫ್ರೀಜರಿನಲ್ಲಿರುವುದು ಜೆಲ್ ಮೇಲೆ ಪ್ರಶ್ನೆ ಬಂದಾಗ ಮತ್ತೆ ಓಡಿಸಲು.

ಆರನೇ ಹೆಜ್ಜೆ: ಎಣಿಸಿ ಬರೆಯುವುದು

ಎಲ್ಲ ಪೀಕುಗಳ ವಿಸ್ತೀರ್ಣ ಕೂಡಿ, ಒಂದೊಂದರ ಶೇಕಡಾ ತೆಗೆಯಿರಿ. ಬೇಸ್‌ಲೈನ್ ಎಳೆಯುವ ವಿಧಾನ ಸ್ಯಾಂಪಲ್ ಓಡಿಸುವ ಮೊದಲೇ ಗೊತ್ತುಮಾಡಿಕೊಳ್ಳಿ, ಉತ್ತರ ನೋಡಿದ ಮೇಲೆ ಅಲ್ಲ.

ಗ್ಯಾಲಕ್ಟೋಸ್ ಎಷ್ಟು ತುಂಬಿದೆ ಎಂದು ಒಂದೇ ಅಂಕಿಯಲ್ಲಿ ಹೇಳಲು ಜಿ1ಎಫ್‌ನ ಅರ್ಧಕ್ಕೆ ಜಿ2ಎಫ್ ಕೂಡಿಸಿ, ಜಿ0ಎಫ್, ಜಿ1ಎಫ್, ಜಿ2ಎಫ್‌ಗಳ ಮೊತ್ತದಿಂದ ಭಾಗಿಸಿ. ಉದಾಹರಣೆಗೆ ಜಿ0ಎಫ್ 45, ಜಿ1ಎಫ್ 38, ಜಿ2ಎಫ್ 8 ಎಂದಿಟ್ಟುಕೊಳ್ಳಿ. 19ಕ್ಕೆ 8 ಕೂಡಿ 27, ಅದನ್ನು 91ರಿಂದ ಭಾಗಿಸಿದರೆ ಶೇ 29.7. ಫ್ಯೂಕೋಸ್ ಇಲ್ಲದ ಪಾಲು ಬರೆಯುವಾಗ ಮಾತ್ರ ಒಂದು ಜಗಳ ಮೊದಲೇ ಇತ್ಯರ್ಥ ಆಗಲಿ. ಮ್ಯಾನ್5ರಲ್ಲೂ ಫ್ಯೂಕೋಸ್ ಇಲ್ಲ, ಅದನ್ನು ಸೇರಿಸುತ್ತೀರೋ ಇಲ್ಲವೋ? ಎರಡೂ ರೀತಿ ಬರೆಯುವವರಿದ್ದಾರೆ. ನಾನು ಬೇರೆ ಬೇರೆ ಸಾಲಿನಲ್ಲಿ ಬರೆದು, ಕೆಳಗೆ ಮೊತ್ತವನ್ನೂ ಕೊಡುತ್ತೇನೆ. ಎರಡು ಲ್ಯಾಬುಗಳ ಅಂಕಿ ಹೊಂದದಿದ್ದಾಗ ನಾನು ಮೊದಲು ನೋಡುವುದು ಈ ಸಾಲನ್ನೇ.

ಪ್ರತಿ ಸರಣಿಯಲ್ಲೂ ಗೊತ್ತಿರುವ ಒಂದು ಪ್ರತಿಕಾಯ ಜೊತೆಗಿರಲಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2016ರಲ್ಲಿ ಬಿಡುಗಡೆ ಮಾಡಿದ ನಿಸ್ಟ್‌ಮಾಬ್ ಇದಕ್ಕೆಂದೇ ಇದೆ. ಇಲಿಯ ಕೋಶದಲ್ಲಿ ತಯಾರಾದದ್ದರಿಂದ ಅದರಲ್ಲಿ ಆಲ್ಫಾ ಗ್ಯಾಲಕ್ಟೋಸ್, ಗ್ಲೈಕಾಲಿಲ್ ಸಯಾಲಿಕ್ ಎರಡೂ ಸಿಗುತ್ತವೆ, ಕಲಿಯುವವರಿಗೆ ಒಳ್ಳೆಯ ಗುರು. ಅದೇ ಸಂಸ್ಥೆ ಈ ಪ್ರತಿಕಾಯವನ್ನು ಜಗತ್ತಿನ 76 ಲ್ಯಾಬುಗಳಿಗೆ ಕೊಟ್ಟು ಸಕ್ಕರೆ ಎಣಿಸಲು ಹೇಳಿತ್ತು. ಬಂದ ವರದಿ 103. ಕೆಲವರು ಕಂಡದ್ದು 4 ಗ್ಲೈಕಾನ್, ಕೆಲವರು 48. ಸ್ಯಾಂಪಲ್ ಎಲ್ಲರಿಗೂ ಒಂದೇ ಆಗಿತ್ತು. ಹಾಗಾಗಿ ನಿಮ್ಮ ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಲೇಬಲ್ ಯಾವುದು, ಕಾಲಂ ಯಾವುದು, ಎಷ್ಟಕ್ಕಿಂತ ಚಿಕ್ಕ ಪೀಕುಗಳನ್ನು ಬಿಟ್ಟಿರಿ, ಯಾವ ಹೆಸರಿಗೆ ಯಾವ ಸಾಕ್ಷಿ ಇದೆ ಎಂದೂ ಬರೆಯಿರಿ. ಏಣಿ ಮಾತ್ರ, ಏಣಿ ಮತ್ತು ತೂಕ, ಏಣಿ ತೂಕ ಕಿಣ್ವ ಮೂರೂ, ಹೀಗೆ. ಜೈವಿಕ ಔಷಧಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ6ಬಿ ಸಕ್ಕರೆಯ ಪ್ರಮಾಣ, ರಚನೆ, ಜಾಗ ಮೂರನ್ನೂ ಕೇಳುತ್ತದೆ. ಭಾರತದ ಬಯೋಸಿಮಿಲರ್ ಮಾರ್ಗಸೂಚಿ 2012ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾಗಿದೆ, ಅದನ್ನೂ ಒಮ್ಮೆ ಪೂರ್ತಿ ಓದಿ.

ಕೊನೆಯದಾಗಿ, ಲೇಬಲ್ ಹಚ್ಚಿ ಉಳಿದ ಸಕ್ಕರೆಯನ್ನು ಚೆಲ್ಲಬೇಡಿ. ದಿನಾಂಕ, ಬ್ಯಾಚ್ ಸಂಖ್ಯೆ ಬರೆದು, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಆ ಮ್ಯಾನ್5 ವಾರದಲ್ಲಿ ನಾವು ಎರಡು ಪಾಲು ಮಾಡಿದ್ದು ಫ್ರೀಜರಿನ ಮೂಲೆಯಲ್ಲಿ ಉಳಿದಿದ್ದ 20 ಮೈಕ್ರೋಲೀಟರನ್ನು.